ಅಂಬಾಸಿಡರ್ ಮತ್ತು ಫಿಯಟ್: ಎರಡು ಕಾರುಗಳ ಚರಿತ್ರೆ ಕಲಿಸುವ ಪಾಠ



ದಾವಣಗೆರೆ, ಹರಿಹರಗಳನ್ನು ಹಾದುಹೋಗುವ ಪುಣೆ-ಬೆಂಗಳೂರು ರಸ್ತೆಯಲ್ಲಿ ದಶಕಗಳ ಕಾಲ ಓಡಾಡಿದ ಎರಡು ಕಾರುಗಳನ್ನು ನಿಮ್ಮಲ್ಲಿ ಹಿರಿಯರು ಮರೆತಿರಲಾರರು. ಒಂದು ಅಂಬಾಸಿಡರ್, ಇನ್ನೊಂದು ಎಲ್ಲರ ಬಾಯಲ್ಲೂ 'ಫಿಯಟ್' ಆಗಿಯೇ ಉಳಿದ ಪ್ರೀಮಿಯರ್ ಪದ್ಮಿನಿ. ಎರಡೂ ನಮ್ಮವೇ ಎನಿಸಿದರೂ ಹುಟ್ಟಿದ್ದು ಯುರೋಪಿನಲ್ಲಿ.

ಅಂಬಾಸಿಡರ್‌ನ ಮೂಲ ಇಂಗ್ಲೆಂಡಿನ 1956ರ ಮಾರಿಸ್ ಆಕ್ಸ್‌ಫರ್ಡ್. ಅದನ್ನು ಇಲ್ಲಿ ತಯಾರಿಸಿದ್ದು ಬಂಗಾಳದ ಉತ್ತರಪಾರಾದಲ್ಲಿದ್ದ ಹಿಂದೂಸ್ತಾನ್ ಮೋಟಾರ್ಸ್. ಪದ್ಮಿನಿಯ ಮೂಲ ಇಟಲಿಯ 1962ರ ಫಿಯಟ್ 1100ಡಿ. ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೋಮೊಬೈಲ್ಸ್ ಅದನ್ನು ಮುಂಬಯಿಯ ಕುರ್ಲಾದಲ್ಲಿ ತಯಾರಿಸಿತು. 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಆರಂಭಿಸಿದವರೂ ಇದೇ ವಾಲ್‌ಚಂದ್. ದೇಶದಲ್ಲೇ ಕಾರು ತಯಾರಾಗಬೇಕೆಂದು ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲೇ ಯೋಜನೆ ಸಿದ್ಧಪಡಿಸಿದ್ದರು. ಬ್ರಿಟಿಷ್ ಸರ್ಕಾರದ ಬೆಂಬಲ ಸಿಗಲಿಲ್ಲ.

ಇವೆರಡನ್ನೂ ಹೋಲಿಸಿ ನೋಡಿ. ಅಂಬಾಸಿಡರ್‌ನ 1489 ಸಿಸಿ ಎಂಜಿನ್, ಅಗಲವಾದ ಸೀಟು, ಹಿಂದಿನ ಪಟ್ಟಾ ಸ್ಪ್ರಿಂಗು ಇಡೀ ಕುಟುಂಬವನ್ನೂ ಸಾಮಾನನ್ನೂ ಹಳ್ಳಿಯ ರಸ್ತೆಯಲ್ಲಿ ಹೊತ್ತೊಯ್ಯುತ್ತಿದ್ದವು. ಫಿಯಟ್‌ನ ಎಂಜಿನ್ 1089 ಸಿಸಿ. ಗಾಡಿ ಹಗುರ, ಪೇಟೆಯ ಓಣಿಯಲ್ಲಿ ತಿರುಗಿಸಲು ಸುಲಭ. ಆದರೆ ಒಂದು ವಿಷಯದಲ್ಲಿ ಎರಡೂ ಒಂದೇ. ಕಾರ್ಬ್ಯುರೇಟರ್, ಪಾಯಿಂಟ್, ಪ್ಲಗ್ ಎಲ್ಲವನ್ನೂ ಕಣ್ಣಿಂದ ನೋಡಿ, ಕಿವಿಯಿಂದ ಕೇಳಿ ಸರಿಪಡಿಸಬಹುದಿತ್ತು. ಹಾಗಾಗಿ ಹುಡುಗರು ಉಸ್ತಾದರ ಕೈಕೆಳಗೆ ನಿಂತೇ ಕೆಲಸ ಕಲಿತರು, ಮನೆ ನಡೆಸಿದರು.

ಈಗ ಇನ್ನೊಂದು ಸಂಗತಿ ಗಮನಿಸಿ. ಇಂಗ್ಲೆಂಡಿನಲ್ಲಿ ಆ ಮಾರಿಸ್ ಮಾದರಿ 1959ಕ್ಕೇ ನಿಂತಿತು. ನಮ್ಮಲ್ಲಿ ಅಂಬಾಸಿಡರ್ 2014ರವರೆಗೆ ಬಂತು. ಇಟಲಿ ತನ್ನ 1100ಡಿಯನ್ನು 1966ರಲ್ಲಿ ಕೈಬಿಟ್ಟಿತು; ಪದ್ಮಿನಿ ಸುಮಾರು 2000ದವರೆಗೆ ಉಳಿಯಿತು. ಕಾರಣ ಸ್ಪಷ್ಟ. ಲೈಸೆನ್ಸ್ ವ್ಯವಸ್ಥೆಯಲ್ಲಿ ಪೈಪೋಟಿ ಇರಲಿಲ್ಲ, ಕೊಳ್ಳುವವರೇ ಸರದಿಯಲ್ಲಿ ಕಾಯುತ್ತಿದ್ದರು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಾಗ ಹಳೆಯ ಕಾರುಗಳ ಕಾಲ ಮುಗಿಯತೊಡಗಿತು. ಹರಿಹರದಲ್ಲಿ 1941ರಲ್ಲಿ ಆರಂಭವಾಗಿ, ಲೇತ್ ಯಂತ್ರಗಳಿಗೆ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್ ಕೂಡ ಕೊನೆಗೆ ಬಾಗಿಲು ಮುಚ್ಚಿದ್ದನ್ನು ನಾವು ಕಂಡಿದ್ದೇವೆ. ಹೆಸರು ದೊಡ್ಡದಿದ್ದ ಮಾತ್ರಕ್ಕೆ ಯಾವುದೂ ಉಳಿಯುವುದಿಲ್ಲ.

ಕೈಕಸಬಿನ ಸ್ಥಿತಿಯೂ ಇದೇ. ಇಂದಿನ ಕಾರಿನಲ್ಲಿ ಪೆಟ್ರೋಲಿನ ಪ್ರಮಾಣವನ್ನು ನಿರ್ಧರಿಸುವುದು ಕಂಪ್ಯೂಟರ್. ದೋಷ ಕಾಣುವುದು ಸ್ಕ್ಯಾನರ್ ಪರದೆಯ ಮೇಲೆ, ಅದೂ ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳಲ್ಲಿ. ಅದನ್ನು ಓದಲು ಬಾರದ ಕೈ ಎಷ್ಟೇ ಚುರುಕಾಗಿದ್ದರೂ ಮತ್ತೊಬ್ಬರಿಗೆ ಸ್ಪ್ಯಾನರ್ ಎತ್ತಿಕೊಡುವುದರಲ್ಲೇ ಉಳಿದುಬಿಡುತ್ತದೆ.

ಆದ್ದರಿಂದ ತಂದೆತಾಯಂದಿರಲ್ಲಿ ಒಂದು ವಿನಂತಿ. ಮಗನನ್ನು ಅರ್ಧಕ್ಕೇ ಶಾಲೆ ಬಿಡಿಸಿ ಗ್ಯಾರೇಜಿಗೆ ಸೇರಿಸಬೇಡಿ. ಎಸ್ಸೆಸ್ಸೆಲ್ಸಿ ಮುಗಿಸಲಿ, ಐಟಿಐ ಅಥವಾ ಡಿಪ್ಲೊಮಾ ಓದಲಿ, ಆಮೇಲೆ ಉಸ್ತಾದರ ಬಳಿ ಪಳಗಲಿ. ಮಗಳಿಗೆ ಆಸಕ್ತಿ ಇದ್ದರೆ ಅವಳಿಗೂ ಆ ದಾರಿ ತೆರೆದಿರಲಿ. ಇಲ್ಮ್ ಮತ್ತು ಹುನರ್ ಎರಡೂ ಜೊತೆಗಿದ್ದರೆ, ರಸ್ತೆಗೆ ಯಾವ ಹೊಸ ಗಾಡಿ ಬಂದರೂ ನಮ್ಮ ಮಕ್ಕಳ ಅನ್ನಕ್ಕೆ ಕೊರತೆಯಾಗದು.