ಉಡುಪಿ ಜಿಲ್ಲೆಯಲ್ಲಿ ಶಿಕ್ಷಕರ ತರಬೇತಿ: ಕೊಡುವವರು ಯಾರು, ಪಡೆಯುವವರು ಯಾರು?

ಉಡುಪಿ: ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರಕಟವಾದಾಗಲೆಲ್ಲ ರಾಜ್ಯದ ಕಣ್ಣು ಕರಾವಳಿಯತ್ತ ಹೊರಳುತ್ತದೆ. 2024ರಲ್ಲಿ ಉಡುಪಿ ಜಿಲ್ಲೆ ಶೇ 94ರಷ್ಟು ಫಲಿತಾಂಶದೊಂದಿಗೆ ರಾಜ್ಯಕ್ಕೆ ಮೊದಲ ಸ್ಥಾನ ಗಳಿಸಿತು. ಆ ವರ್ಷ ಇಡೀ ರಾಜ್ಯದ ಫಲಿತಾಂಶ ಶೇ 73.40 ಮಾತ್ರ. ಇಂಥ ಸಾಧನೆಯ ಶ್ರೇಯಸ್ಸನ್ನು ವಿದ್ಯಾರ್ಥಿಗಳಿಗೂ ಪೋಷಕರಿಗೂ ಹಂಚುವಾಗ, ಪಾಠ ಹೇಳಿದವರ ಕಲಿಕೆಯ ವಿಚಾರ ಸಾಮಾನ್ಯವಾಗಿ ಮರೆಯಲ್ಲೇ ಉಳಿಯುತ್ತದೆ. ಡಿ.ಇಡಿ. ಅಥವಾ ಬಿ.ಇಡಿ. ಮುಗಿಸಿ ಸೇವೆಗೆ ಸೇರಿದ ಶಿಕ್ಷಕರು ಮುಂದಿನ ಮೂವತ್ತು ವರ್ಷ ಅದೇ ಬಂಡವಾಳದಲ್ಲಿ ಪಾಠ ನಡೆಸಲು ಸಾಧ್ಯವಿಲ್ಲ. ಪಠ್ಯಪುಸ್ತಕ ಬದಲಾಗುತ್ತದೆ, ಪರೀಕ್ಷಾ ಪದ್ಧತಿ ಬದಲಾಗುತ್ತದೆ, ತರಗತಿಗೆ ಬರುವ ಮಕ್ಕಳ ಮನೆಮಾತೂ ಬದಲಾಗುತ್ತದೆ. ಸೇವೆಯಲ್ಲಿರುವ ಶಿಕ್ಷಕರನ್ನು ಸಜ್ಜುಗೊಳಿಸುವ ವ್ಯವಸ್ಥೆ ಜಿಲ್ಲೆಯಲ್ಲಿ ಹೇಗಿದೆ, ಅದರ ಫಲ ತರಗತಿಯವರೆಗೆ ಎಷ್ಟು ತಲುಪುತ್ತದೆ ಎಂಬುದರ ಪರಿಚಯ ಇಲ್ಲಿದೆ.

ವ್ಯವಸ್ಥೆಯ ಸ್ವರೂಪ

1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಆಶಯದಂತೆ ದೇಶದ ಜಿಲ್ಲೆಗಳಲ್ಲಿ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು, ಅಂದರೆ ‘ಡಯಟ್’ಗಳು ಹುಟ್ಟಿಕೊಂಡವು. 1997ರ ಆಗಸ್ಟ್‌ನಲ್ಲಿ ಅವಿಭಜಿತ ದಕ್ಷಿಣ ಕನ್ನಡದಿಂದ ಬೇರ್ಪಟ್ಟ ಉಡುಪಿ ಜಿಲ್ಲೆಗೂ ಈಗ ತನ್ನದೇ ಡಯಟ್ ಇದೆ. ಶಾಲೆಗಳ ಆಡಳಿತವನ್ನು ಸಾರ್ವಜನಿಕ ಶಿಕ್ಷಣ ಇಲಾಖೆಯ ಉಪನಿರ್ದೇಶಕರು ನೋಡಿಕೊಂಡರೆ, ಡಯಟ್‌ನ ಪ್ರಾಂಶುಪಾಲರು ಅಭಿವೃದ್ಧಿ ವಿಭಾಗದ ಉಪನಿರ್ದೇಶಕರಾಗಿ ಶೈಕ್ಷಣಿಕ ಗುಣಮಟ್ಟದ ಹೊಣೆ ಹೊರುತ್ತಾರೆ.

ಡಯಟ್‌ನ ಕೆಳಗೆ ಎರಡು ಹಂತಗಳಿವೆ. ಶಿಕ್ಷಣ ವಲಯಕ್ಕೊಂದು ಕ್ಷೇತ್ರ ಸಂಪನ್ಮೂಲ ಕೇಂದ್ರ, ಅಂದರೆ ಬಿಆರ್‌ಸಿ. ಅಕ್ಕಪಕ್ಕದ ಕೆಲವು ಶಾಲೆಗಳ ಗುಂಪಿಗೊಂದು ಸಮೂಹ ಸಂಪನ್ಮೂಲ ಕೇಂದ್ರ, ಅಂದರೆ ಸಿಆರ್‌ಸಿ. ಸಮೂಹದ ಹೊಣೆ ಹೊತ್ತ ಸಿಆರ್‌ಪಿಗಳು ಕೂಡ ಶಿಕ್ಷಕರೇ. ಅವರು ಶಾಲೆಗಳಿಗೆ ಭೇಟಿ ನೀಡಿ ಪಾಠ ವೀಕ್ಷಿಸಬೇಕು, ಸಮಾಲೋಚನಾ ಸಭೆ ನಡೆಸಬೇಕು, ಶಿಕ್ಷಕರ ತೊಡಕುಗಳನ್ನು ಮೇಲಿನ ಹಂತಕ್ಕೆ ಮುಟ್ಟಿಸಬೇಕು. 2001ರಲ್ಲಿ ಆರಂಭವಾದ ಸರ್ವ ಶಿಕ್ಷಣ ಅಭಿಯಾನದ ಅನುದಾನ ಈ ಜಾಲಕ್ಕೆ ಬಲ ತುಂಬಿತು. 2018ರಲ್ಲಿ ಆ ಅಭಿಯಾನ, ಪ್ರೌಢಶಾಲೆಗಳಿಗಾಗಿ 2009ರಲ್ಲಿ ಬಂದಿದ್ದ ಮಾಧ್ಯಮಿಕ ಶಿಕ್ಷಣ ಅಭಿಯಾನ ಹಾಗೂ ಶಿಕ್ಷಕ ಶಿಕ್ಷಣ ಯೋಜನೆ ಮೂರೂ ‘ಸಮಗ್ರ ಶಿಕ್ಷಣ’ ಎಂಬ ಒಂದೇ ಯೋಜನೆಯಲ್ಲಿ ವಿಲೀನಗೊಂಡವು.

ಇಲ್ಲೊಂದು ಸ್ಥಳೀಯ ವಿಶೇಷವಿದೆ. ಕಂದಾಯದ ಲೆಕ್ಕದಲ್ಲಿ ಜಿಲ್ಲೆಯಲ್ಲಿ ಏಳು ತಾಲ್ಲೂಕುಗಳಿದ್ದರೂ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಇರುವುದು ಉಡುಪಿ, ಬ್ರಹ್ಮಾವರ, ಕಾರ್ಕಳ, ಕುಂದಾಪುರ, ಬೈಂದೂರು ಎಂಬ ಐದು ವಲಯಗಳು. ಕಾಪು 2018ರಲ್ಲಿ ಪ್ರತ್ಯೇಕ ತಾಲ್ಲೂಕಾದರೂ ಶೈಕ್ಷಣಿಕವಾಗಿ ಉಡುಪಿ ವಲಯದಲ್ಲೇ ಇದೆ. ಹೀಗಾಗಿ ಮಣಿಪಾಲದಂಥ ನಗರ ಪ್ರದೇಶದ ಶಾಲೆ, ಮಲ್ಪೆಯ ಮೀನುಗಾರರ ಮಕ್ಕಳ ಶಾಲೆ, ಕಾಪು ಕಡಲತೀರದ ಹಳ್ಳಿಶಾಲೆಗಳಿಗೆ ಒಂದೇ ವಲಯದ ತರಬೇತಿ ಯೋಜನೆ ಅನ್ವಯಿಸುತ್ತದೆ.

ದಿನಗಳ ಲೆಕ್ಕ

ಸರ್ವ ಶಿಕ್ಷಣ ಅಭಿಯಾನದ ಮೂಲ ಮಾರ್ಗಸೂಚಿ ಸೇವಾನಿರತ ಶಿಕ್ಷಕರಿಗೆ ವರ್ಷಕ್ಕೆ 20 ದಿನ, ಹೊಸದಾಗಿ ನೇಮಕಗೊಂಡವರಿಗೆ 30 ದಿನ, ತರಬೇತಿಯಿಲ್ಲದೆ ಕೆಲಸ ಮಾಡುತ್ತಿದ್ದವರಿಗೆ 60 ದಿನಗಳ ತರಬೇತಿಗೆ ಅವಕಾಶ ಕಲ್ಪಿಸಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ದಿನಗಳ ಬದಲು ಗಂಟೆಗಳಲ್ಲಿ ಲೆಕ್ಕ ಹಾಕಿ, ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ಅಭಿವೃದ್ಧಿಯಲ್ಲಿ ತೊಡಗಬೇಕೆಂದು ಹೇಳಿತು. ಆ ನೀತಿಗೆ ಬದಲಾಗಿ ರಾಜ್ಯದ್ದೇ ನೀತಿ ರೂಪಿಸಲು 2023ರಲ್ಲಿ ನೇಮಕವಾದ ಸುಖದೇವ್ ಥೋರಟ್ ಆಯೋಗ 2025ರ ಆಗಸ್ಟ್‌ನಲ್ಲಿ ಸರ್ಕಾರಕ್ಕೆ ವರದಿ ಸಲ್ಲಿಸಿದೆ.

ದಿನ ಅಥವಾ ಗಂಟೆಗಳನ್ನು ಎಣಿಸುವುದು ಸುಲಭ. ತೊಡಕಿರುವುದು ವಿಷಯ ಕೆಳಗಿಳಿಯುವ ರೀತಿಯಲ್ಲಿ. ಬೆಂಗಳೂರಿನ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ, ಅಂದರೆ ಡಿಎಸ್‌ಇಆರ್‌ಟಿ ಸಾಹಿತ್ಯ ಸಿದ್ಧಪಡಿಸುತ್ತದೆ. ಅಲ್ಲಿ ರಾಜ್ಯಮಟ್ಟದ ಸಂಪನ್ಮೂಲ ವ್ಯಕ್ತಿಗಳು ತಯಾರಾಗುತ್ತಾರೆ; ಅವರಿಂದ ಜಿಲ್ಲೆಯವರು, ಜಿಲ್ಲೆಯವರಿಂದ ವಲಯದವರು, ಕೊನೆಗೆ ಶಿಕ್ಷಕರು. ಹಂತ ಹಂತವಾಗಿ ಇಳಿಯುವಾಗ ಮೂಲದ ಚರ್ಚೆ ಸೊರಗಿ, ಕೊನೆಯ ಶಿಕ್ಷಕರ ಕೈಗೆ ಕೈಪಿಡಿಯ ಸಾರಾಂಶ ಮಾತ್ರ ಸಿಗುವ ಅಪಾಯವಿದೆ.

ಆಯ್ಕೆಯ ಅವಕಾಶ

ಎಲ್ಲರಿಗೂ ಒಂದೇ ತರಬೇತಿ ಎಂಬ ಕ್ರಮವನ್ನು ಬದಲಿಸಲು 2017ರ ನಂತರ ‘ಗುರುಚೇತನ’ ಕಾರ್ಯಕ್ರಮ ಬಂತು. ಅಜೀಂ ಪ್ರೇಮ್‌ಜಿ ಫೌಂಡೇಶನ್ ಮೊದಲಾದ ಸಂಸ್ಥೆಗಳ ನೆರವಿನಿಂದ ರೂಪುಗೊಂಡ ಇದರಲ್ಲಿ, ತಮಗೆ ಯಾವ ವಿಷಯದಲ್ಲಿ ತರಬೇತಿ ಬೇಕೆಂಬುದನ್ನು ಶಿಕ್ಷಕರೇ ಆರಿಸಿಕೊಳ್ಳುವ ಅವಕಾಶ ದೊರೆಯಿತು. ಭಿನ್ನರಾಶಿ ಕಲಿಸುವುದರಲ್ಲಿ ತೊಡಕಿರುವವರಿಗೆ ಗಣಿತ, ವ್ಯಾಕರಣದಲ್ಲಿ ನೆರವು ಬೇಕಾದವರಿಗೆ ಭಾಷೆ ಎಂಬುದು ಇದರ ತತ್ವ.

ಕೇಂದ್ರ ಸರ್ಕಾರ 2019ರ ಆಗಸ್ಟ್‌ನಲ್ಲಿ ಆರಂಭಿಸಿದ ‘ನಿಷ್ಠಾ’ ಕಾರ್ಯಕ್ರಮದ ಗುರಿ ದೇಶದ ಸುಮಾರು 42 ಲಕ್ಷ ಪ್ರಾಥಮಿಕ ಹಂತದ ಶಿಕ್ಷಕರು. ಕೋವಿಡ್ ಕಾಲದಲ್ಲಿ, 2020ರ ಅಕ್ಟೋಬರ್‌ನಿಂದ, ಅದು ‘ದೀಕ್ಷಾ’ ವೇದಿಕೆಯ ಮೂಲಕ ಆನ್‌ಲೈನ್ ಆಯಿತು. ಮೊಬೈಲ್‌ನಲ್ಲೇ ಪಾಠ ನೋಡಿ, ಪ್ರಶ್ನೆಗಳಿಗೆ ಉತ್ತರಿಸಿ, ಪ್ರಮಾಣಪತ್ರ ಪಡೆಯಬಹುದು. ಪ್ರಯಾಣವಿಲ್ಲ, ಶಾಲೆ ಬಿಡಬೇಕಾಗಿಲ್ಲ. ಆದರೆ ಪ್ರಮಾಣಪತ್ರ ಬಂದ ಮಾತ್ರಕ್ಕೆ ಪಾಠದ ರೀತಿ ಬದಲಾಗಿದೆ ಎಂದು ಹೇಳಲಾಗದು. ಅದನ್ನು ತರಗತಿಯಲ್ಲಿ ಕುಳಿತು ನೋಡುವವರೊಬ್ಬರು ಬೇಕು.

ನಲಿ-ಕಲಿಯ ಪಾಠ

ತರಬೇತಿ ತರಗತಿಯನ್ನೇ ಬದಲಿಸಿದ ನಿದರ್ಶನವೂ ಕರ್ನಾಟಕದಲ್ಲೇ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲಾ ಶಿಕ್ಷಕರು ಯುನಿಸೆಫ್ ನೆರವಿನೊಂದಿಗೆ ಆಂಧ್ರದ ರಿಷಿವ್ಯಾಲಿಗೆ ಹೋಗಿ ಅಲ್ಲಿನ ಗ್ರಾಮೀಣ ಶಾಲೆಗಳನ್ನು ಕಂಡುಬಂದರು. ಹಿಂದಿರುಗಿದವರು ಅಲ್ಲಿಯದನ್ನು ನಕಲು ಮಾಡದೆ, ತಮ್ಮ ಮಕ್ಕಳಿಗೆ ಒಪ್ಪುವ ಕಾರ್ಡು, ಹಾಡು, ಆಟಗಳನ್ನು ತಾವೇ ರಚಿಸಿದರು. ‘ನಲಿ-ಕಲಿ’ ಹುಟ್ಟಿದ್ದು ಹಾಗೆ. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ವಿಸ್ತರಿಸಿತು. ಕಲಿಕಾ ಏಣಿ, ತಲೆಯ ಮೇಲೆ ತೂಗುವ ಕಲಿಕಾ ಚಪ್ಪರ, ಗುಂಪಿಗೊಂದು ತಟ್ಟೆ ಇವೆಲ್ಲ ಇಂದು ಉಡುಪಿ, ಕಾರ್ಕಳದ ಕಿರಿಯ ಪ್ರಾಥಮಿಕ ಶಾಲೆಗಳಿಗೂ ಪರಿಚಿತ. ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂರಬೇಕಾದ ಸಣ್ಣ ಶಾಲೆಗಳಿಗೆ ಇದರಿಂದ ಬಹಳ ಉಪಕಾರವಾಗಿದೆ. ನೋಡಿ ಬಂದು, ಮಾಡಿ ನೋಡಿ, ಜೊತೆಯವರೊಡನೆ ತಿದ್ದಿಕೊಂಡಾಗ ಮಾತ್ರ ತರಬೇತಿ ನೆಲೆಯೂರುತ್ತದೆ ಎಂಬುದು ಈ ಪ್ರಯೋಗದ ಪಾಠ.

ಮನೆಮಾತು ಹಲವು

ಕರಾವಳಿಯ ತರಗತಿಗೆ ತನ್ನದೇ ಆದ ಸವಾಲುಗಳಿವೆ. ಇಲ್ಲಿ ಮಕ್ಕಳ ಮನೆಮಾತು ತುಳು, ಕೊಂಕಣಿ, ಬ್ಯಾರಿ ಅಥವಾ ಉರ್ದು. ಉತ್ತರಕ್ಕೆ ಹೋದಂತೆ ಕುಂದಗನ್ನಡ. ಉಡುಪಿ, ಮಣಿಪಾಲದ ಕಟ್ಟಡ ಕೆಲಸಕ್ಕೆ ಉತ್ತರ ಕರ್ನಾಟಕದಿಂದ ಬಂದ ಕುಟುಂಬಗಳ ಮಕ್ಕಳು ತಮ್ಮ ಸೀಮೆಯ ಕನ್ನಡ ತರುತ್ತಾರೆ. ಶಾಲೆಯ ಪುಸ್ತಕದ ಕನ್ನಡ ಇವರಲ್ಲಿ ಅನೇಕರಿಗೆ ಎರಡನೆಯ ಭಾಷೆ, ಇಂಗ್ಲಿಷ್ ಮೂರನೆಯದು. ರಾಜ್ಯಕ್ಕೆಲ್ಲ ಒಂದೇ ಎಂದು ಬೆಂಗಳೂರಿನಲ್ಲಿ ಬರೆದ ಕೈಪಿಡಿ ಈ ಸೂಕ್ಷ್ಮವನ್ನು ಹಿಡಿಯಲಾರದು. ಅದನ್ನು ತುಂಬಿಕೊಡಬೇಕಾದುದು ಜಿಲ್ಲೆಯ ಡಯಟ್ ಮತ್ತು ಸಮೂಹ ಸಭೆಗಳು.

ಇಂಗ್ಲಿಷ್‌ನ ಒತ್ತಡವೂ ಹೆಚ್ಚಿದೆ. 2007-08ರಿಂದ ರಾಜ್ಯದಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಯಿತು. 2019-20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಆಂಗ್ಲ ಮಾಧ್ಯಮ ವಿಭಾಗಗಳು ತೆರೆದವು. ಕನ್ನಡದಲ್ಲೇ ಓದಿ, ಕನ್ನಡದಲ್ಲೇ ಕಲಿಸುತ್ತ ಬಂದ ಶಿಕ್ಷಕರು ಗಣಿತ, ಪರಿಸರ ಅಧ್ಯಯನಗಳನ್ನು ಇಂಗ್ಲಿಷ್‌ನಲ್ಲಿ ಕಲಿಸಬೇಕಾಯಿತು. 1963ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ಪ್ರಾದೇಶಿಕ ಆಂಗ್ಲ ಸಂಸ್ಥೆ ದಶಕಗಳಿಂದ ಶಿಕ್ಷಕರಿಗೆ ಇಂಗ್ಲಿಷ್ ಬೋಧನೆಯ ತರಬೇತಿ ನೀಡುತ್ತಿದೆ. ಆದರೆ ಭಾಷೆ ಕೆಲವು ದಿನಗಳ ಶಿಬಿರದಲ್ಲಿ ಕೈವಶವಾಗುವಂಥದ್ದಲ್ಲ.

ಶಾಲೆ ಬಿಟ್ಟು ಹೋಗುವ ಕಷ್ಟ

ಕಾರ್ಕಳದ ಘಟ್ಟದ ತಪ್ಪಲಿನಂಥ ಕಡೆ ಒಬ್ಬರೋ ಇಬ್ಬರೋ ಶಿಕ್ಷಕರಿರುವ ಶಾಲೆಯಿಂದ ಒಬ್ಬರು ಐದು ದಿನ ತರಬೇತಿಗೆ ಹೋದರೆ, ಉಳಿದೊಬ್ಬರು ಎಲ್ಲ ತರಗತಿಗಳನ್ನೂ ಬಿಸಿಯೂಟವನ್ನೂ ನಿಭಾಯಿಸಬೇಕು. ಏಕೋಪಾಧ್ಯಾಯ ಶಾಲೆಯಾದರೆ ಪಕ್ಕದ ಶಾಲೆಯಿಂದ ಬದಲಿ ವ್ಯವಸ್ಥೆ ಆಗಬೇಕು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಐದನೆಯ ತರಗತಿಯವರೆಗೆ ವರ್ಷಕ್ಕೆ 200, ಆರರಿಂದ ಎಂಟನೆಯ ತರಗತಿಗೆ 220 ಕೆಲಸದ ದಿನಗಳು ಇರಬೇಕು. ಮಳೆಗಾಲದ ರೆಡ್ ಅಲರ್ಟ್ ರಜೆಗಳು ಕರಾವಳಿಯ ಶಾಲೆಗಳ ಪಾಠದ ದಿನಗಳನ್ನು ಮೊದಲೇ ಕಡಿಮೆ ಮಾಡಿರುತ್ತವೆ.

ಶಿಕ್ಷಕರ ಸಮಯಕ್ಕೆ ಬೇರೆ ಹಕ್ಕುದಾರರೂ ಇದ್ದಾರೆ. ಕಾಯ್ದೆಯ 27ನೆಯ ಸೆಕ್ಷನ್ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆ ಕೆಲಸಗಳನ್ನು ಬಿಟ್ಟು ಬೇರಾವ ಶೈಕ್ಷಣಿಕೇತರ ಕಾರ್ಯಕ್ಕೂ ಶಿಕ್ಷಕರನ್ನು ನಿಯೋಜಿಸಬಾರದೆಂದು ಹೇಳುತ್ತದೆ. ಹಾಗಿದ್ದರೂ 2025ರ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರೇ ಗಣತಿದಾರರಾದರು. ಕೆಲಸ ಮುಗಿಸಲೆಂದು ಅಕ್ಟೋಬರ್ 8ರಿಂದ 18ರವರೆಗೆ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ರಜೆ ಘೋಷಿಸಬೇಕಾಯಿತು. ಹೀಗೆ ಕಳೆದ ದಿನಗಳನ್ನು ಸರಿದೂಗಿಸಬೇಕಾದ ಸ್ಥಿತಿಯಲ್ಲಿ ತರಬೇತಿಯೂ ಒಂದು ಹೊರೆಯಾಗಿ ಕಂಡರೆ ಅಚ್ಚರಿಯಿಲ್ಲ. ಸಿಆರ್‌ಪಿ ಶಾಲೆಗೇ ಬಂದು ಪಾಠ ನೋಡಿ ಸಲಹೆ ಕೊಡುವ ಕ್ರಮಕ್ಕೆ ಮಹತ್ವ ಬರುವುದು ಇದೇ ಕಾರಣಕ್ಕೆ. ಆದರೆ ಅವರ ವೇಳೆಯೂ ಅಂಕಿಅಂಶ ಸಂಗ್ರಹಕ್ಕೇ ಸಂದರೆ ಸಲಹೆಗೆ ಅವಕಾಶ ಉಳಿಯುವುದಿಲ್ಲ.

ಹೊರಗೆ ಉಳಿದವರು

ಉಡುಪಿ, ಮಣಿಪಾಲದಂಥ ನಗರ ಪ್ರದೇಶದಲ್ಲಿ ಗಣನೀಯ ಸಂಖ್ಯೆಯ ಮಕ್ಕಳು ಓದುವುದು ಅನುದಾನರಹಿತ ಶಾಲೆಗಳಲ್ಲಿ. ಸರ್ಕಾರಿ ತರಬೇತಿಯ ಜಾಲ ಮುಖ್ಯವಾಗಿ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಶಿಕ್ಷಕರಿಗಾಗಿ ಇರುವಂಥದ್ದು. ಸಿಬಿಎಸ್‌ಇ ತನ್ನ ಶಾಲೆಗಳ ಶಿಕ್ಷಕರಿಗೆ ವರ್ಷಕ್ಕೆ 50 ಗಂಟೆಗಳ ತರಬೇತಿಯನ್ನು ಕಡ್ಡಾಯಗೊಳಿಸಿದೆ. ರಾಜ್ಯ ಪಠ್ಯಕ್ರಮದ ಅನುದಾನರಹಿತ ಶಾಲೆಗಳಲ್ಲಿ ಮಾತ್ರ ಇದು ಬಹುಮಟ್ಟಿಗೆ ಆಡಳಿತ ಮಂಡಳಿಗಳ ಆಸಕ್ತಿಯನ್ನೇ ಅವಲಂಬಿಸಿದೆ. ಇಂಥ ಶಾಲೆಗಳ ತರಬೇತಿರಹಿತ ಶಿಕ್ಷಕರಿಗೆ ಅರ್ಹತೆ ಗಳಿಸಲು ಸಂಸತ್ತು 2017ರ ತಿದ್ದುಪಡಿಯ ಮೂಲಕ 2019ರ ಮಾರ್ಚ್ 31ರವರೆಗೆ ಕಾಲಾವಕಾಶ ನೀಡಿತ್ತು. ಆದರೆ ಅರ್ಹತೆ ಒಮ್ಮೆ ಗಳಿಸುವುದು, ವೃತ್ತಿ ಕಲಿಕೆ ನಿರಂತರವಾಗಿ ನಡೆಯಬೇಕಾದುದು.

ಸರ್ಕಾರಿ ಶಾಲೆಗಳ ಅತಿಥಿ ಶಿಕ್ಷಕರ ಸ್ಥಿತಿಯೂ ಇದೇ. ಖಾಲಿ ಹುದ್ದೆಗೆ ಒಂದು ಶೈಕ್ಷಣಿಕ ವರ್ಷದ ಮಟ್ಟಿಗೆ ಬರುವ ಅವರು ಕಾಯಂ ಶಿಕ್ಷಕರಷ್ಟೇ ಪಾಠ ಮಾಡುತ್ತಾರೆ. ಅವರನ್ನು ಸಜ್ಜುಗೊಳಿಸುವ ಹೊತ್ತಿಗೆ ವರ್ಷವೇ ಮುಗಿದಿರುತ್ತದೆ.

ಪೋಷಕರು ಕೇಳಬಹುದಾದದ್ದು

2001ರಿಂದ ಸರ್ಕಾರಿ ಶಾಲೆಗಳಲ್ಲಿ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು, ಅಂದರೆ ಎಸ್‌ಡಿಎಂಸಿಗಳಿವೆ. ಕಟ್ಟಡ, ಶೌಚಾಲಯ, ಸಮವಸ್ತ್ರಗಳ ಜೊತೆಗೆ ಕೆಲವು ಸರಳ ಪ್ರಶ್ನೆಗಳನ್ನೂ ಪೋಷಕರು ಅಲ್ಲಿ ಎತ್ತಬಹುದು. ಈ ವರ್ಷ ಶಿಕ್ಷಕರಿಗೆ ಯಾವ ವಿಷಯದ ತರಬೇತಿ ಆಯಿತು? ಆ ದಿನಗಳಲ್ಲಿ ಮಕ್ಕಳ ಪಾಠ ಹೇಗೆ ನಡೆಯಿತು? ಕಲಿತು ಬಂದದ್ದನ್ನು ತರಗತಿಯಲ್ಲಿ ನೋಡಲು ಸಿಆರ್‌ಪಿ ಎಷ್ಟು ಬಾರಿ ಬಂದರು? ಖಾಸಗಿ ಶಾಲೆಯ ಪೋಷಕರ ಸಭೆಯಲ್ಲಿಯೂ, ಕೊನೆಯದನ್ನು ಬಿಟ್ಟು, ಇವೇ ಪ್ರಶ್ನೆಗಳು ಸಲ್ಲುತ್ತವೆ.

ಫಲಿತಾಂಶದ ಪಟ್ಟಿಯಲ್ಲಿ ಜಿಲ್ಲೆಯ ಸ್ಥಾನ ಒಂದು ವರ್ಷ ಮೇಲೇರಬಹುದು, ಇನ್ನೊಂದು ವರ್ಷ ಇಳಿಯಬಹುದು. ಹತ್ತನೆಯ ತರಗತಿಯ ಅಂಕಗಳಿಗೆ ಬುನಾದಿ ಬೀಳುವುದು ಒಂದನೆಯ ತರಗತಿಯಲ್ಲಿ, ತುಳು ಮಾತಾಡುವ ಮಗು ಕನ್ನಡದ ಮೊದಲ ಅಕ್ಷರ ತಿದ್ದುವಾಗ. ಆ ಹೊತ್ತಿನಲ್ಲಿ ಮಗುವಿನ ಎದುರು ನಿಂತವರು ಕಾಯಂ ಶಿಕ್ಷಕರೋ, ಅತಿಥಿ ಶಿಕ್ಷಕರೋ, ಖಾಸಗಿ ಶಾಲೆಯವರೋ ಎಂಬ ಭೇದ ಮಗುವಿಗಿಲ್ಲ. ತರಬೇತಿಯ ವ್ಯವಸ್ಥೆಯಲ್ಲಿಯೂ ಆ ಭೇದ ಅಳಿಯಬೇಕಿದೆ.