ವಿದ್ಯುತ್ ದೋಣಿ ಮೋಟಾರು

ಬ್ಯಾಟರಿಯ ವಿದ್ಯುತ್ತಿನಿಂದ ಪ್ರೊಪೆಲರ್ ತಿರುಗಿಸಿ ದೋಣಿಯನ್ನು ಓಡಿಸುವ ಯಂತ್ರ. ದೋಣಿಯ ಹಿಂಬದಿಗೆ ಬಿಗಿದು ಬೇಕಾದಾಗ ಕಳಚಿಡುವ ಔಟ್‌ಬೋರ್ಡ್, ಒಡಲೊಳಗೆ ಕೂರಿಸುವ ಇನ್‌ಬೋರ್ಡ್, ಮೋಟಾರನ್ನೂ ಪ್ರೊಪೆಲರನ್ನೂ ನೀರಿನಡಿಯಲ್ಲಿ ಒಂದೇ ಕವಚಕ್ಕೆ ಜೋಡಿಸಿದ ಪಾಡ್ ಎಂಬ ಬಗೆಗಳಿವೆ.

ದೋಣಿಗೆ ಪೆಟ್ರೋಲ್ ಎಂಜಿನ್ ಬರುವ ಎಷ್ಟೋ ಮೊದಲೇ ವಿದ್ಯುತ್ ಮೋಟಾರು ಬಂದಿತ್ತು. 1838ರಲ್ಲಿ ಮೊರಿಟ್ಜ್ ಯಾಕೋಬಿ ರಷ್ಯಾದ ನೇವಾ ನದಿಯಲ್ಲಿ ಹತ್ತಾರು ಜನರನ್ನು ಕೂರಿಸಿಕೊಂಡು ಇಂಥ ದೋಣಿ ನಡೆಸಿ ತೋರಿಸಿದ. 1881ರಲ್ಲಿ ಗುಸ್ತಾವ್ ತ್ರೂವೆ ಪ್ಯಾರಿಸ್ಸಿನ ಸೇನ್ ನದಿಯಲ್ಲಿ ಓಡಿಸಿದ ದೋಣಿಯಲ್ಲಿ ಮೋಟಾರು ಚುಕ್ಕಾಣಿಗೇ ಜೋಡಣೆಯಾಗಿತ್ತು; ಇಂದಿನ ಔಟ್‌ಬೋರ್ಡಿನ ಮೂಲ ಇದೇ. ಮುಂದೆ ಪೆಟ್ರೋಲ್ ಎಂಜಿನ್ನಿನ ಅಬ್ಬರದಲ್ಲಿ ವಿದ್ಯುತ್ ದೋಣಿ ಹಿಂದೆ ಬಿತ್ತು. ಆದರೂ ಬವೇರಿಯಾದ ಕ್ಯೋನಿಗ್ಸೇ ಸರೋವರದಲ್ಲಿ 1909ರಿಂದಲೂ ಪ್ರಯಾಣಿಕರ ದೋಣಿಗಳು ವಿದ್ಯುತ್ತಿನಲ್ಲೇ ಸಾಗುತ್ತಿವೆ.

ಮೋಟಾರು ತನಗೆ ಬಂದ ವಿದ್ಯುತ್ತಿನ ಬಹುಪಾಲನ್ನು ತಿರುಗುಬಲವಾಗಿ ಮಾರ್ಪಡಿಸುತ್ತದೆ. ಶುರುವಾದ ಕ್ಷಣದಿಂದಲೇ ಅದಕ್ಕೆ ಪೂರ್ಣ ಬಲ ಇರುವುದರಿಂದ ದೊಡ್ಡ ಪ್ರೊಪೆಲರನ್ನು ನಿಧಾನವಾಗಿ ತಿರುಗಿಸಬಲ್ಲದು. ತೊಡಕಿರುವುದು ಬ್ಯಾಟರಿಯಲ್ಲಿ. ಒಂದು ಕಿಲೋ ಪೆಟ್ರೋಲಿನಲ್ಲಿ ಸುಮಾರು 12 ಕಿಲೋವ್ಯಾಟ್ ಗಂಟೆಯಷ್ಟು ಶಕ್ತಿ ಅಡಗಿದೆ. ಅಷ್ಟೇ ತೂಕದ ಲಿಥಿಯಂ ಬ್ಯಾಟರಿಯಲ್ಲಿ ಅದರ ಐವತ್ತರಲ್ಲೊಂದು ಪಾಲೂ ಸಿಗುವುದು ಕಷ್ಟ. ಎಂಜಿನ್ ಮುಕ್ಕಾಲು ಪಾಲನ್ನು ಬಿಸಿಯಾಗಿ ಕಳೆದರೂ ಈ ಅಂತರ ಮುಚ್ಚುವುದಿಲ್ಲ.

ಇದಕ್ಕೆ ನೀರಿನ ತಡೆಯೂ ಸೇರುತ್ತದೆ. ವೇಗ ಎರಡರಷ್ಟಾದರೆ ಬೇಕಾಗುವ ಶಕ್ತಿ ಸರಿಸುಮಾರು ಎಂಟರಷ್ಟಾಗುತ್ತದೆ. ಗಂಟೆಗೆ 5 ಕಿ.ಮೀ. ಸಾಗಲು 1 ಕಿಲೋವ್ಯಾಟ್ ಸಾಕಾಗುವ ದೋಣಿಯಲ್ಲಿ 8 ಕಿಲೋವ್ಯಾಟ್ ಗಂಟೆಯ ಬ್ಯಾಟರಿ ಇದೆ ಎನ್ನೋಣ. ಅದು 8 ಗಂಟೆ ಓಡಿ 40 ಕಿ.ಮೀ. ಕ್ರಮಿಸುತ್ತದೆ. ಅದೇ ದೋಣಿಯನ್ನು 10 ಕಿ.ಮೀ. ವೇಗದಲ್ಲಿ ಓಡಿಸಿದರೆ ಒಂದೇ ಗಂಟೆಯಲ್ಲಿ, 10 ಕಿ.ಮೀ.ಗೇ ಬ್ಯಾಟರಿ ಬರಿದಾಗುತ್ತದೆ. ಆದ್ದರಿಂದ ವಿದ್ಯುತ್ ದೋಣಿಯನ್ನು ಕೊಳ್ಳುವವರು ಮೋಟಾರಿನ ಬಲಕ್ಕಿಂತ ಮೊದಲು ದಿನಕ್ಕೆ ಎಷ್ಟು ದೂರ, ಎಷ್ಟು ವೇಗ ಎಂಬುದನ್ನು ಲೆಕ್ಕ ಹಾಕಬೇಕು.

ಈ ಲೆಕ್ಕ ಚೆನ್ನಾಗಿ ಕೂಡಿಬಂದದ್ದು ಕೇರಳದ ವೇಂಬನಾಡು ಹಿನ್ನೀರಿನಲ್ಲಿ. ವೈಕಂ ಮತ್ತು ತವಣಕ್ಕಡವು ನಡುವೆ 2017ರ ಜನವರಿಯಿಂದ ಓಡುತ್ತಿರುವ 'ಆದಿತ್ಯ' ಭಾರತದ ಮೊದಲ ಸೌರ ಪ್ರಯಾಣಿಕ ದೋಣಿ. 75 ಜನ ಕೂರುವ ಈ ಜೋಡಿ ಒಡಲಿನ ದೋಣಿಗೆ 20 ಕಿಲೋವ್ಯಾಟಿನ ಎರಡು ಮೋಟಾರುಗಳಿವೆ. ಚಾವಣಿಯ ತುಂಬ ಸೌರಫಲಕಗಳು. ಹಾದಿ ಚಿಕ್ಕದು, ವೇಗ ಸಾಧಾರಣ, ಬಿಸಿಲು ಧಾರಾಳ. ಡೀಸೆಲ್ ಹೊಗೆಯಾಗಲಿ ನೀರಿಗೆ ತೈಲ ಸೋರುವ ಭಯವಾಗಲಿ ಇಲ್ಲ. 2023ರಲ್ಲಿ ಶುರುವಾದ ಕೊಚ್ಚಿ ಜಲ ಮೆಟ್ರೊ ಕೂಡ ಬ್ಯಾಟರಿ ದೋಣಿಗಳನ್ನೇ ನೆಚ್ಚಿದೆ.

ಉಪ್ಪುನೀರಿನಲ್ಲಿ ಲೋಹದ ಭಾಗಗಳು ಬೇಗ ಸವೆಯುವುದರಿಂದ ಮೋಟಾರಿಗೆ ಸತುವಿನ ತುಂಡು ಕಟ್ಟುತ್ತಾರೆ. ಅದು ತಾನೇ ಕರಗಿ ಉಳಿದ ಲೋಹವನ್ನು ಕಾಯುತ್ತದೆ. ಕರಗುತ್ತ ಬಂದಂತೆ ಹೊಸದನ್ನು ಹಾಕಬೇಕು.

ಕಡವು, ಕೆರೆ, ಹಿನ್ನೀರುಗಳ ಸಣ್ಣ ಹಾದಿಗಳಿಗೆ ವಿದ್ಯುತ್ ಮೋಟಾರು ಈಗಾಗಲೇ ಡೀಸೆಲಿಗಿಂತ ಒಳ್ಳೆಯ ಆಯ್ಕೆ. ದಿನಗಟ್ಟಲೆ ಆಳಸಮುದ್ರದಲ್ಲಿ ಉಳಿಯುವ ಮೀನುಗಾರಿಕೆ ಬೋಟುಗಳಿಗೆ ಮಾತ್ರ ಇಂದಿಗೂ ಡೀಸೆಲ್ಲೇ ಆಧಾರ.