ಈಜು ಗ್ರಂಥಗಳು

ಈಜುವ ಕ್ರಮ, ನೀರಿನಲ್ಲಿ ಜೀವರಕ್ಷಣೆ, ಈಜಿನ ಚರಿತ್ರೆ, ಈಜುಗಾರರ ಅನುಭವ ಇವುಗಳಲ್ಲಿ ಯಾವುದನ್ನಾದರೂ ಮುಖ್ಯ ವಿಷಯವಾಗಿ ಉಳ್ಳ ಪುಸ್ತಕಗಳು. ಆಸಕ್ತರಿಗೆಂದು ಸಿದ್ಧಪಡಿಸುವ ಪಟ್ಟಿಗಳು ಸಾಮಾನ್ಯವಾಗಿ ಇಂಗೋಲ್‌ಸ್ಟಾಟ್‌ನ ಅಧ್ಯಾಪಕ ನಿಕೊಲಾಸ್ ವೀನ್‌ಮನ್ 1538ರಲ್ಲಿ ಲ್ಯಾಟಿನ್‌ನಲ್ಲಿ ಪ್ರಕಟಿಸಿದ ‘ಕೊಲಿಂಬೆಟಿಸ್’ ಎಂಬ ಸಂವಾದರೂಪದ ಕೃತಿಯಿಂದ ಶುರುವಾಗುತ್ತವೆ. ಇಂಗ್ಲೆಂಡ್, ಫ್ರಾನ್ಸ್, ಜರ್ಮನಿಗಳನ್ನು ಹಾದು ಅಮೆರಿಕದ ತರಬೇತುದಾರರ ದಪ್ಪ ಸಂಪುಟಗಳಲ್ಲಿ ಮುಗಿಯುತ್ತವೆ. ಈ ಜಾಡು ಹಾಕಿಕೊಟ್ಟವನು ರಾಲ್ಫ್ ಥಾಮಸ್. ಈತ 1868ರಲ್ಲಿ ಓಲ್ಫರ್ ಹ್ಯಾಮ್ಸ್ಟ್ ಎಂಬ ಗುಪ್ತನಾಮದಲ್ಲಿ ಈಜು ಪುಸ್ತಕಗಳ ಸಣ್ಣ ಸೂಚಿಯೊಂದನ್ನು ಹೊರತಂದ. 1904ರಲ್ಲಿ ಅದನ್ನೇ ಬೆಳೆಸಿ ದೊಡ್ಡ ಗ್ರಂಥ ಮಾಡಿದ. ತನ್ನದು ಯುರೋಪಿನ ಭಾಷೆಗಳ ಪುಸ್ತಕಗಳ ಪಟ್ಟಿ ಎಂದು ಅವನು ಶೀರ್ಷಿಕೆಯಲ್ಲೇ ಹೇಳಿದ್ದ. ಆ ಮಿತಿಯನ್ನು ಮರೆತವರು ನಂತರದ ಸಂಕಲನಕಾರರು. ಪುಸ್ತಕಗಳ ಪಟ್ಟಿಯನ್ನೇ ಅವರು ಈಜಿನ ಚರಿತ್ರೆ ಎಂದು ಓದಿದರು. ಪುಸ್ತಕ ಮೊದಲು ಎಲ್ಲಿ ಬಂತೋ ಈಜು ಅಲ್ಲೇ ಶಾಸ್ತ್ರವಾಯಿತು ಎಂಬ ತೀರ್ಮಾನ ಅಲ್ಲಿಂದ ಹರಡಿತು. ದಾಖಲೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ತೋರುವುದು ಬೇರೆ: ಈಜು ಕಲಿಸುವ ಪುಸ್ತಕ ಹುಟ್ಟಿದ್ದು ಈಜು ಬಲ್ಲವರ ನಡುವೆಯಲ್ಲ, ಓದು ಬಂದು ನೀರು ಮರೆತವರ ನಡುವೆ.

ಎವರಾರ್ಡ್ ಡಿಗ್ಬಿಯ ‘ಡಿ ಆರ್ಟೆ ನಟಾಂಡಿ’ (1587) ಇದಕ್ಕೆ ಒಳ್ಳೆಯ ಸಾಕ್ಷಿ. ಡಿಗ್ಬಿ ಕೇಂಬ್ರಿಜ್‌ನ ವಿದ್ವಾಂಸ. ಅದೇ ಕೇಂಬ್ರಿಜ್‌ನಲ್ಲಿ 1571ರಲ್ಲಿ ಕುಲಪತಿಯ ಸ್ಥಾನದಲ್ಲಿದ್ದ ಜಾನ್ ವಿಟ್‌ಗಿಫ್ಟ್ ವಿದ್ಯಾರ್ಥಿಗಳು ನದಿ, ಕೊಳಗಳಿಗೆ ಇಳಿಯುವುದನ್ನೇ ನಿಷೇಧಿಸಿದ್ದರು. ನೀರಿಗೆ ಇಳಿಯಬಾರದೆಂಬ ಕಟ್ಟಳೆ ಇದ್ದ ಊರಿನಿಂದಲೇ ನೀರಿಗೆ ಇಳಿಯುವ ಬಗೆಯನ್ನು ಮರದಚ್ಚಿನ ಚಿತ್ರಗಳ ಸಮೇತ ವಿವರಿಸುವ ಪುಸ್ತಕ ಬಂತು. ದಡದ ಯಾವ ಜಾಗದಲ್ಲಿ ಇಳಿಯಬೇಕು, ಅಂಗಾತ ಮಲಗಿ ತೇಲುವುದು ಹೇಗೆ, ತಿರುಗುವುದು ಹೇಗೆ ಎಂದು ಹಂತಹಂತವಾಗಿ ಹೇಳುವ ಡಿಗ್ಬಿ, ನೀರಿನಲ್ಲಿ ತೇಲುತ್ತಲೇ ಒಂದು ಪಾದವನ್ನು ಮೇಲೆತ್ತಿ ಚಾಕುವಿನಿಂದ ಕಾಲುಗುರು ಕತ್ತರಿಸಿಕೊಳ್ಳುವ ಕೌಶಲವನ್ನೂ ಬಿಡದೆ ಸೇರಿಸಿದ್ದಾನೆ. ಉಪಯೋಗಕ್ಕಿಂತ ವಿದ್ಯೆಯ ಪ್ರದರ್ಶನವೇ ಇಲ್ಲಿ ಹೆಚ್ಚು. 1595ರಲ್ಲಿ ಮಿಡಲ್‌ಟನ್ ಇದನ್ನು ಇಂಗ್ಲಿಷಿಗೆ ತಂದ. 1696ರಲ್ಲಿ ಬಂದ ಮೆಲ್ಕಿಸೆದೆಕ್ ತೆವೆನೊನ ಫ್ರೆಂಚ್ ಪುಸ್ತಕ ಬಹುಮಟ್ಟಿಗೆ ಡಿಗ್ಬಿಯಿಂದ ಎತ್ತಿದ್ದು. ಆದರೂ ಓದುಗರನ್ನು ಗಳಿಸಿದ್ದು ಡಿಗ್ಬಿಯಲ್ಲ, ತೆವೆನೊ. ಬಾಲಕ ಬೆಂಜಮಿನ್ ಫ್ರಾಂಕ್ಲಿನ್ ಈಜಿನ ಭಂಗಿಗಳನ್ನೆಲ್ಲ ಅಭ್ಯಾಸ ಮಾಡಿದ್ದು ತೆವೆನೊನನ್ನು ಓದಿಯೇ. ಆತ್ಮಕಥೆಯಲ್ಲಿ ಅವನೇ ಇದನ್ನು ಹೇಳಿಕೊಂಡಿದ್ದಾನೆ. ಡಿಗ್ಬಿಯ ಪಠ್ಯವನ್ನು ಇಂದು ನೋಡಬಯಸುವವರಿಗೆ ನಿಕೊಲಸ್ ಆರ್ಮ್ ಅವರ 1983ರ ಅಧ್ಯಯನ ಸಾಕು; ಬ್ರಿಟನ್ನಿನ ಆರಂಭಿಕ ಈಜನ್ನು ಕುರಿತ ಅದರಲ್ಲಿ ಆ ಇಂಗ್ಲಿಷ್ ಅನುವಾದವೂ ಸೇರಿದೆ.

ವೇಗದ ಈಜು ಬಂದ ದಾರಿ ಇದಕ್ಕಿಂತ ಸ್ಪಷ್ಟವಾದ ಪುರಾವೆ. 1844ರಲ್ಲಿ ಉತ್ತರ ಅಮೆರಿಕದ ಒಜಿಬ್ವೆ ಜನಾಂಗದ ಇಬ್ಬರು ಲಂಡನ್ನಿನ ಕೊಳವೊಂದರಲ್ಲಿ ಈಜಿ ತೋರಿಸಿದರು. ತೋಳುಗಳನ್ನು ನೀರಿನ ಮೇಲೆ ಬೀಸಿ ಕಾಲು ಬಡಿಯುವ ಅವರ ರೀತಿ ವೇಗವಾಗಿತ್ತು, ಆದರೆ ಅಲ್ಲಿನ ವರದಿಗಾರರಿಗೆ ಅದು ಅಸಭ್ಯವಾಗಿ ಕಂಡಿತು. ಕೈಪಿಡಿಗಳು ಎದೆಯೀಜನ್ನೇ ಕಲಿಸುತ್ತ ಉಳಿದವು. 1893ರ ಸಿಂಕ್ಲೇರ್ ಮತ್ತು ವಿಲಿಯಂ ಹೆನ್ರಿ ಅವರ ‘ಸ್ವಿಮ್ಮಿಂಗ್’ ಆ ಶತಮಾನದ ಅತ್ಯಂತ ಗಂಭೀರ ಪುಸ್ತಕ. ಅದರಲ್ಲಿ ತೋಳು ಬೀಸಿ ಕಾಲು ಬಡಿಯುವ ಕ್ರಾಲ್ ಈಜು ಇರುವ ಪ್ರಶ್ನೆಯೇ ಇರಲಿಲ್ಲ. ಸಾಲೊಮನ್ ದ್ವೀಪಗಳಿಂದ ಬಂದ ಅಲಿಕ್ ವಿಕ್‌ಹ್ಯಾಮ್ ಸಿಡ್ನಿಯಲ್ಲಿ ತನ್ನೂರಿನ ಈಜನ್ನು ತೋರಿಸಿ, ಅಲ್ಲಿನ ಈಜುಗಾರ ಕ್ಯಾವಿಲ್ ಕುಟುಂಬದವರು ಅದನ್ನು ಸ್ಪರ್ಧೆಗೆ ಒಗ್ಗಿಸಿದ್ದು ಆ ಶತಮಾನದ ಕೊನೆಯಿಂದೀಚೆಗೆ. ಅಂದರೆ ಪುಸ್ತಕವಿಲ್ಲದವರ ಈಜನ್ನು ಪುಸ್ತಕ ಹಿಂದಿನಿಂದ ಬಂದು ಬರೆದುಕೊಂಡಿತು.

ಇದಕ್ಕೆ ಎದುರಾಗಿ ಜಪಾನನ್ನು ತೋರಿಸಬಹುದು. ಅಲ್ಲಿ ಯೋಧರ ಈಜುಶಾಲೆಗಳಿದ್ದವು, ಅವುಗಳಿಗೆ ಬರಹದ ಪರಂಪರೆಯೂ ಇತ್ತು. 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಪುರುಷರ ಆರು ಈಜು ಸ್ಪರ್ಧೆಗಳಲ್ಲಿ ಐದನ್ನು ಜಪಾನೀಯರೇ ಗೆದ್ದರು. ಈಜು ಬಲ್ಲವರಲ್ಲಿ ಬರಹ ಹುಟ್ಟುವುದಿಲ್ಲ ಎನ್ನುವ ಮಾತು ಇಲ್ಲಿ ನಿಲ್ಲುವುದಿಲ್ಲ, ನಿಜ. ಆದರೆ ಆ ಬರಹ ಗುರುವಿನಿಂದ ಶಿಷ್ಯನಿಗೆ ದಾಟುತ್ತಿದ್ದ ಸುರುಳಿ, ಆಗಲೇ ಈಜು ಬಂದವನಿಗೆ ಕೊಡುವ ಮನ್ನಣೆ. ಅಂಗಡಿಯಲ್ಲಿ ಕೊಂಡು ತಾನೇ ಕಲಿಯುವವನಿಗಾಗಿ ಬರೆದ ಕೈಪಿಡಿ ಅದಲ್ಲ.

ಭಾರತದ ದಾಖಲೆಯಲ್ಲಿ ಗೊಂದಲ ಹೆಚ್ಚು. ಈಜು 64 ಕಲೆಗಳಲ್ಲಿ ಒಂದೆಂದು ಅನೇಕ ಲೇಖನಗಳು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತವೆ. ವಾತ್ಸ್ಯಾಯನನ ಕಾಮಸೂತ್ರದ ಪಟ್ಟಿಯಲ್ಲಿರುವುದು ಉದಕವಾದ್ಯ ಮತ್ತು ಉದಕಾಘಾತ, ಅಂದರೆ ನೀರನ್ನು ಬಾರಿಸುವುದು ಮತ್ತು ಎರಚುವುದು. ತೋಳುಗಳಿಂದ ನೀರು ದಾಟುವುದನ್ನು ಕಲೆಯೆಂದು ಎಣಿಸುವುದು ಶುಕ್ರನೀತಿಯ ಪಟ್ಟಿ. ಆ ಗ್ರಂಥದ ಕಾಲವೇ ವಿವಾದದಲ್ಲಿದೆ. ಲಲ್ಲನ್‌ಜಿ ಗೋಪಾಲರು ಅದನ್ನು 19ನೆಯ ಶತಮಾನಕ್ಕೆ ತಂದು ನಿಲ್ಲಿಸಿದ್ದಾರೆ. ಎರಡು ಪಟ್ಟಿಗಳನ್ನು ಬೆರೆಸಿ ಪ್ರಾಚೀನತೆ ಹೇಳುವುದು ಸಲ್ಲದು. ಕರ್ನಾಟಕದಿಂದ ಬಂದ ಸಾಕ್ಷ್ಯ ಇದಕ್ಕಿಂತ ಗಟ್ಟಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ರಚಿಸಿದ ಸಂಸ್ಕೃತ ವಿಶ್ವಕೋಶ ‘ಮಾನಸೋಲ್ಲಾಸ’ದ ಕ್ರೀಡಾವಿಂಶತಿಯಲ್ಲಿ ಸಲಿಲಕ್ರೀಡೆಗೆ ಪ್ರತ್ಯೇಕ ಜಾಗವಿದೆ. ಜಲಕ್ರೀಡೆಯ ವರ್ಣನೆ ಮಹಾಕಾವ್ಯದ ಹದಿನೆಂಟು ವರ್ಣನೆಗಳಲ್ಲಿ ಒಂದಾದ್ದರಿಂದ ಹಳಗನ್ನಡ ಚಂಪೂ ಕವಿಗಳಿಗೂ ಅದು ಬಿಡಲಾಗದ ವಸ್ತು. ಆದರೆ ಇವೆಲ್ಲ ಅರಸನ ವಿನೋದ. ರನ್ನನ ದುರ್ಯೋಧನ ವೈಶಂಪಾಯನ ಸರೋವರದೊಳಗೆ ಉಳಿಯುವುದು ಜಲಮಂತ್ರದ ಬಲದಿಂದ, ತೋಳಿನ ಬಲದಿಂದಲ್ಲ. ಕೈಕಾಲು ಆಡಿಸುವ ಬಗೆ ಹೇಳುವ ಪಠ್ಯವನ್ನು ಇಲ್ಲಿ ಹುಡುಕಿದರೆ ನಿರಾಶೆಯೇ.

ಆ ಕೊರತೆಯನ್ನು ಈಜಿನ ಕೊರತೆಯೆಂದು ತಿಳಿಯುವುದೇ ಮೇಲೆ ಹೇಳಿದ ತಪ್ಪಿನ ಇನ್ನೊಂದು ಮುಖ. ಬಯಲುಸೀಮೆಯಲ್ಲಿ ಈಜು ಕಲಿಸಿದ್ದು ತೋಟದ ಬಾವಿ ಮತ್ತು ಊರ ಕೆರೆ, ಮಲೆನಾಡಿನಲ್ಲಿ ಹೊಳೆಯ ಮಡು. ಸೊಂಟಕ್ಕೆ ಹಗ್ಗ, ಬೆನ್ನಿಗೆ ಒಣಗಿದ ಸೋರೆಬುರುಡೆ ಅಥವಾ ಬೆಂಡಿನ ಕಟ್ಟು, ಈಚೆಗೆ ತಗಡಿನ ಡಬ್ಬ ಇಲ್ಲವೇ ಪ್ಲಾಸ್ಟಿಕ್ ಕ್ಯಾನು. ಹಗ್ಗದ ಇನ್ನೊಂದು ತುದಿ ಕಟ್ಟೆಯ ಮೇಲೆ ನಿಂತ ಮಾವನದೋ ಅಣ್ಣನದೋ ಕೈಯಲ್ಲಿ. ಕಲಿಯುವವನ ಧೈರ್ಯ ನೋಡಿಕೊಂಡು ಬುರುಡೆ ಬಿಚ್ಚುತ್ತಾರೆ, ಹಗ್ಗ ಸಡಿಲಿಸುತ್ತಾರೆ. ಆಸರೆಯನ್ನು ಕ್ರಮೇಣ ಕಳೆಯುವ ಈ ಪಾಠಕ್ಕೆ ಅಕ್ಷರ ಬೇಕಾಗಿರಲಿಲ್ಲ. ನಂತರ ಬೆಂಗಳೂರಿನ ಕೊಳಗಳಲ್ಲಿ ಆ ಜಾಗಕ್ಕೆ ಕೋಚ್ ಬಂದರು. 2000ದ ಸಿಡ್ನಿ ಒಲಿಂಪಿಕ್ಸ್‌ಗೆ ನಿಶಾ ಮಿಲೆಟ್, ಟೋಕಿಯೊಗೆ ಶ್ರೀಹರಿ ನಟರಾಜ್, 2024ರ ಪ್ಯಾರಿಸ್‌ಗೆ 14ರ ಹರೆಯದ ಧಿನಿಧಿ ದೇಸಿಂಘು ಹೋದದ್ದು ಈ ಊರಿನಿಂದ. ಕನ್ನಡದಲ್ಲಿ ಈಜು ಕೈಪಿಡಿಗಳ ಸಾಲು ಬೆಳೆಯಲಿಲ್ಲ, ಈಜುಗಾರರ ಸಾಲು ಬೆಳೆಯಿತು.

ಹಾಗಾದರೆ ಆಸಕ್ತನಿಗೆ ಪುಸ್ತಕ ಏಕೆ? ಕಲಿಯಲು ಅಲ್ಲ, ಕಲಿತದ್ದನ್ನು ತಿದ್ದಿಕೊಳ್ಳಲು. ಆದ್ದರಿಂದ ಇಲ್ಲಿ ಮುದ್ರಣದ ವರ್ಷ ನೋಡುವುದು ಮುಖ್ಯ. ಮಾರ್ಕ್ ಸ್ಪಿಟ್ಜ್‌ನ ಕೋಚ್ ಜೇಮ್ಸ್ ಕೌನ್ಸಿಲ್‌ಮನ್ 1968ರಲ್ಲಿ ‘ದ ಸೈನ್ಸ್ ಆಫ್ ಸ್ವಿಮ್ಮಿಂಗ್’ ಬರೆದು ನೀರಿನಡಿಯ ಛಾಯಾಚಿತ್ರಗಳಿಂದ ಕೈಯ ಚಲನೆಯನ್ನು ತೋರಿಸಿದರು. (1979ರಲ್ಲಿ, 58ರ ವಯಸ್ಸಿನಲ್ಲಿ, ತಾವೇ ಇಂಗ್ಲಿಷ್ ಕಾಲುವೆ ಈಜಿದರು, ಸಿದ್ಧಾಂತಿಗಳಲ್ಲಿ ಇದು ಅಪರೂಪ.) ಅಂಗೈ ನೀರನ್ನು ಅಡ್ಡಡ್ಡ ಸೀಳುವಾಗ ಹುಟ್ಟುವ ಎತ್ತುಬಲವೇ ಈಜುಗಾರನನ್ನು ಮುಂದೊಯ್ಯುತ್ತದೆ ಎಂಬ ಅವರ ವಾದವನ್ನು ಅರ್ನೆಸ್ಟ್ ಮ್ಯಾಗ್ಲಿಸ್ಕೊ ‘ಸ್ವಿಮ್ಮಿಂಗ್ ಫಾಸ್ಟರ್’ನಲ್ಲಿ (1982) ಬೆಳೆಸಿದರು. 2003ರ ‘ಸ್ವಿಮ್ಮಿಂಗ್ ಫಾಸ್ಟೆಸ್ಟ್’ನಲ್ಲಿ ಅದೇ ಮ್ಯಾಗ್ಲಿಸ್ಕೊ ನಿಲುವು ಬದಲಿಸಿ, ನೀರನ್ನು ಹಿಂದಕ್ಕೆ ಒತ್ತುವುದೇ ಮುಖ್ಯ ಎಂದರು. ಹಳೆ ಪುಸ್ತಕದಂಗಡಿಯಲ್ಲಿ 1982ರದ್ದು ಕೈಗೆ ಸಿಕ್ಕಿದವರು 2003ರದ್ದನ್ನು ನೋಡದೆ ತೋಳು ತಿದ್ದಿಕೊಳ್ಳಬಾರದು. ಜೀವರಕ್ಷಣೆಯ ಅಧ್ಯಾಯಗಳಲ್ಲಂತೂ ಹಳತನ ಅಪಾಯಕಾರಿ: ಬೆನ್ನು ಒತ್ತಿ ಉಸಿರು ತರಿಸುವ ಶೇಫರ್, ಹೋಲ್ಗರ್ ನೀಲ್ಸನ್ ವಿಧಾನಗಳು 1960ರ ಸುಮಾರಿಗೆ ಬಾಯಿಂದ ಬಾಯಿಗೆ ಉಸಿರು ಕೊಡುವ, ಎದೆ ಒತ್ತುವ ಕ್ರಮಗಳಿಗೆ ಜಾಗ ಬಿಟ್ಟುಕೊಟ್ಟವು. ದೊಡ್ಡವರಾದ ಮೇಲೆ ನೀರಿಗೆ ಇಳಿದವರಿಗೆ ಟೆರಿ ಲಾಫ್ಲಿನ್‌ರ ‘ಟೋಟಲ್ ಇಮ್ಮರ್ಷನ್’ (1996) ಇಂದಿಗೂ ಸಲ್ಲುತ್ತದೆ. ಅದು ವೇಗಕ್ಕಿಂತ ಮೊದಲು ಮೈಯ ಸಮತೋಲವನ್ನು ಕೇಳುತ್ತದೆ.

1990ರ ದಶಕದಿಂದ ಈ ಸಾಹಿತ್ಯದ ದಿಕ್ಕೇ ಬದಲಾಗಿದೆ. ಚಾರ್ಲ್ಸ್ ಸ್ಪ್ರಾಸನ್‌ರ ‘ಹಾಂಟ್ಸ್ ಆಫ್ ದ ಬ್ಲ್ಯಾಕ್ ಮಸ್ಸೂರ್’ (1992), ಬ್ರಿಟನ್ನಿನ ಹೊಳೆ, ಕೆರೆಗಳನ್ನು ಈಜುತ್ತ ಸಾಗುವ ರೋಜರ್ ಡೀಕಿನ್‌ರ ‘ವಾಟರ್‌ಲಾಗ್’ (1999), ಲಿನ್ ಕಾಕ್ಸ್‌ರ ‘ಸ್ವಿಮ್ಮಿಂಗ್ ಟು ಅಂಟಾರ್ಕ್ಟಿಕಾ’ (2004) ಯಾರಿಗೂ ಈಜು ಕಲಿಸುವುದಿಲ್ಲ. ಚರಿತ್ರೆಯನ್ನು ತಿದ್ದಿದ್ದು ಎರಡು ಪುಸ್ತಕ: ಆಫ್ರಿಕಾ ಮೂಲದವರ ಜಲಸಂಸ್ಕೃತಿಯನ್ನು ದಾಖಲಿಸಿದ ಕೆವಿನ್ ಡಾಸನ್‌ರ ‘ಅಂಡರ್‌ಕರೆಂಟ್ಸ್ ಆಫ್ ಪವರ್’ (2018), ಉತ್ತರ ಯುರೇಷಿಯಾದವರು ಬಹುಕಾಲ ಈಜದ ಜನ ಎಂದು ವಾದಿಸುವ ಕ್ಯಾರೆನ್ ಈವಾ ಕಾರ್‌ರ ‘ಶಿಫ್ಟಿಂಗ್ ಕರೆಂಟ್ಸ್’ (2022). ಒಂದನ್ನೇ ಓದುವುದಾದರೆ ಕಾರ್‌ರದ್ದನ್ನು ಓದಬೇಕು.

ಕೊಳಕ್ಕಾಗಿ ಬರೆದ ಪುಸ್ತಕ ಸಮುದ್ರಕ್ಕೆ ಸಾಲದು ಎನ್ನುವುದು ವಿಶಾಖಪಟ್ಟಣದ ಕರಾವಳಿಯಲ್ಲಿ ಎದ್ದು ಕಾಣುತ್ತದೆ. ಹೋಲಿಕೆಗೆ ಅದೇ ರಾಜ್ಯದ ನದಿನೀರನ್ನು ನೋಡಬಹುದು: ಕೃಷ್ಣೆಯ ಮೇಲೆ ವಿಜಯವಾಡದಲ್ಲಿ 1957ರಲ್ಲಿ ಪ್ರಕಾಶಂ ಬ್ಯಾರೇಜು ಬಂದ ಮೇಲೆ ಅದರ ಹಿಂದಿನ ನೀರು ಬಹುಪಾಲು ನಿಂತ ನೀರು. ಬಾಗಲಕೋಟೆ, ರಾಯಚೂರು ಜಿಲ್ಲೆಗಳಲ್ಲಿ ಇದೇ ನದಿಯಲ್ಲಿ ಕಲಿತವರಿಗೆ ಅದು ಹೊಸತಲ್ಲ. ಆದರೆ ರಾಮಕೃಷ್ಣ ಬೀಚು, ಋಷಿಕೊಂಡ, ಪರವಾಡ ಮಂಡಲದ ಮುತ್ಯಾಲಮ್ಮಪಾಲೆಂ ಕಡೆಯ ದಡಗಳಲ್ಲಿ ಬಂಗಾಳ ಕೊಲ್ಲಿಯ ಅಲೆ ನೇರ ಬಂದು ಒಡೆಯುತ್ತದೆ. ದಡಕ್ಕೆ ಬಂದ ನೀರು ಕಿರಿದಾದ ಹಾದಿ ಮಾಡಿಕೊಂಡು ರಭಸದಿಂದ ಒಳಕ್ಕೆ ಮರಳುವ ಸೆಳವು, ಅಂದರೆ ರಿಪ್ ಕರೆಂಟ್, ಇಂಥ ಕಡೆಯೇ ಏಳುತ್ತದೆ. ಇದು ಆಳಕ್ಕೆ ಎಳೆಯುತ್ತದೆಂಬ ಹಳೆಯ ಕೈಪಿಡಿಗಳ ಮಾತನ್ನು ಸಮುದ್ರವಿಜ್ಞಾನಿ ಫ್ರಾನ್ಸಿಸ್ ಶೆಪರ್ಡ್ 1936ರಲ್ಲಿ ಪ್ರಶ್ನಿಸಿದರು. 1941ರಲ್ಲಿ ಅವರೊಡನೆ ಈ ಸೆಳವಿನ ಮೇಲೆ ಪ್ರಬಂಧ ಬರೆದವರಲ್ಲಿ ಒಬ್ಬರಾದ ಯೂಜೀನ್ ಲಾಫಾಂಡ್ 1950ರ ದಶಕದ ಆರಂಭದಲ್ಲಿ ವಿಶಾಖಪಟ್ಟಣದ ವಾಲ್ಟೇರಿನ ಆಂಧ್ರ ವಿಶ್ವವಿದ್ಯಾಲಯಕ್ಕೆ ಬಂದು ಸಮುದ್ರವಿಜ್ಞಾನ ಕಲಿಸಿದರು. ಅಲ್ಲಿನ ಮರಳದಂಡೆ ಕೊರೆದು ತುಂಬಿಕೊಳ್ಳುವ ಬಗೆಯನ್ನು ಕುರಿತು ಪ್ರಸಾದರಾವ್ ಅವರ ಜೊತೆ ಲಾಫಾಂಡ್ ಬರೆದ ಪ್ರಬಂಧ ವಿಶ್ವವಿದ್ಯಾಲಯದ 1954ರ ಸಮುದ್ರವಿಜ್ಞಾನ ಸಂಪುಟದಲ್ಲಿದೆ. ಯಾವ ಈಜು ಪಟ್ಟಿಯಲ್ಲೂ ಸೇರದ ಬರಹವಿದು. ಈಜುಗಾರನಿಗೆ ಇದೇಕೆ ಎಂದು ಕೇಳಿದರೆ ಉತ್ತರ ಲೆಕ್ಕದಲ್ಲಿದೆ: ಬಲವಾದ ಸೆಳವು ಸೆಕೆಂಡಿಗೆ 2.4 ಮೀಟರ್‌ವರೆಗೆ ಹರಿಯಬಲ್ಲದು, 100 ಮೀಟರನ್ನು 47 ಸೆಕೆಂಡಿನಲ್ಲಿ ಮುಗಿಸುವ ವಿಶ್ವದರ್ಜೆಯ ಈಜಿನ ವೇಗ ಸೆಕೆಂಡಿಗೆ ಸುಮಾರು 2.1 ಮೀಟರ್. ನೇರ ದಡಕ್ಕೆ ಈಜುವವನು ಸೋಲುತ್ತಾನೆ. ದಡಕ್ಕೆ ಸಮಾನಾಂತರವಾಗಿ ಸರಿದು ಹೊರಬಂದು ಆಮೇಲೆ ತಿರುಗಬೇಕು. 2024ರ ಡಿಸೆಂಬರ್ ಕೊನೆಯಲ್ಲಿ ವಿಶಾಖಪಟ್ಟಣದಿಂದ ಹೊರಟು 2025ರ ಜನವರಿ ಆರಂಭದಲ್ಲಿ ಕಾಕಿನಾಡ ಮುಟ್ಟಿದ ಈಜುಗಾರ್ತಿ ಗೋಲಿ ಶ್ಯಾಮಲಾ ಸುಮಾರು 150 ಕಿಲೋಮೀಟರನ್ನು ಕ್ರಮಿಸಿದ್ದು ಇದೇ ಕರಾವಳಿಯ ಉದ್ದಕ್ಕೆ, ದಿನಕ್ಕಿಷ್ಟೆಂದು ಹಂಚಿಕೊಂಡು.